ಗಾಳಿ ಬೆನ್ನಿಗಿರುವಾಗ ಬೂಮ್ (ಹಾಯಿಯ ಕೆಳ ಅಂಚಿನ ಉದ್ದ ಕಂಬ) ತಾನಾಗೇ ಆಚೆ ಬಡಿಯೋದನ್ನ ತಡೆಯೋದು ಹೇಗೆ?

ಹೊಸಹಾಯಿ:
ಎಲ್ಲರಿಗೂ ನಮಸ್ಕಾರ. ಹಾಯಿದೋಣಿ ನಡೆಸೋದು ಇನ್ನೂ ಕಲೀತಿದೀನಿ, 26 ಅಡಿ ದೋಣಿ, ಚುಕ್ಕಾಣಿ ತಿರುಗಿಸೋಕೆ ಟಿಲ್ಲರ್ ಅನ್ನೋ ಹಿಡಿಕೋಲು ಇರೋದು, ಚಕ್ರ ಅಲ್ಲ. ಎದುರುಗಾಳಿಗೆ ಅಂಕುಡೊಂಕಾಗಿ ಹೋಗೋದು, ಟ್ಯಾಕ್ ಮಾಡೋದು (ಮೂತಿಯನ್ನ ಎದುರುಗಾಳಿಗೆ ಅಡ್ಡ ದಾಟಿಸಿ ಬದಿ ಬದಲಿಸೋದು) ಇದೆಲ್ಲ ಈಗ ಪರವಾಗಿಲ್ಲ. ಆದ್ರೆ ಗಾಳಿ ಹಿಂದಿನಿಂದ ಬಂತು ಅಂದ್ರೆ ಸಾಕು ನಂಗೆ ಎದೆ ಡವಡವ, ಮೇನ್ ಹಾಯಿ ಪೂರ್ತಿ ಹೊರಗೆ ಬಿಟ್ಟಿರ್ತೀವಿ, ಎಲ್ಲ ತಣ್ಣಗೆ ಇರೋ ಹಾಗೆ ಅನ್ಸುತ್ತೆ, ಅಷ್ಟರಲ್ಲಿ ಒಂದು ಅಲೆ ಹಿಂದಿನಿಂದ ಎತ್ತಿ ದೋಣಿ ಸ್ವಲ್ಪ ತಿರುಗ್ತು ಅಂದ್ರೆ ಬೂಮ್ ಒಂದೇ ಏಟಿಗೆ ಈ ಕಡೆಯಿಂದ ಆ ಕಡೆ. ಬೇಕಂತ ಮಾಡೋ ಜೈಬ್ (ಬೆನ್ನುಗಾಳಿಯಲ್ಲಿ ಹಾಯಿ ಆಚೆ ಬದಿಗೆ ದಾಟಿಸೋದು) ಬೇರೆ, ಇದು ಹೇಳದೆ ಕೇಳದೆ ಬರೋದು. ಕೆಲವರು ಪ್ರಿವೆಂಟರ್, ಅಂದ್ರೆ ಬೂಮ್ ಹಾರದಂತೆ ಹಿಡಿಯೋ ಹಗ್ಗ, ಕಟ್ಟು ಸಾಕು ಅಂತಾರೆ. ಅಷ್ಟೇನಾ? ಕಟ್ಟೋದಾದ್ರೆ ಎಲ್ಲಿಗೆ ಕಟ್ಬೇಕು?

ಅಲೆಗಾರ:
ಪ್ರಿವೆಂಟರ್ ವಿಷಯ ಆಮೇಲೆ. ಮೊದಲು, ನೀವು ಗಾಳಿಗೆ ಸರಿಯಾಗಿ ಬೆನ್ನು ಕೊಟ್ಟು ಹೋಗ್ತಾ ಇರೋದೇ ಯಾಕೆ? ಪಕ್ಕಾ 180 ಡಿಗ್ರಿ ಇಟ್ಕೊಂಡ್ರೆ ಗಾಳಿ ಒಂಚೂರು ದಿಕ್ಕು ಬದಲಿಸಿದ್ರೂ, ಅಲೆ ಒಂಚೂರು ತಳ್ಳಿದ್ರೂ ಗಾಳಿ ಹಾಯಿಯ ಹಿಂದುಗಡೆಗೆ ಹೋಗಿ ಸೇರ್ಕೊಳ್ಳುತ್ತೆ, ಆಮೇಲೆ ಬೂಮ್‌ಗೆ ಹಾರೋದು ಬಿಟ್ರೆ ಬೇರೆ ದಾರಿ ಇಲ್ಲ. 15-20 ಡಿಗ್ರಿ ಓರೆ ಇಟ್ಕೊಳ್ಳಿ, ಅಂದ್ರೆ 160ರ ಆಸುಪಾಸು. ದೂರ ಸ್ವಲ್ಪ ಜಾಸ್ತಿ ಆಗುತ್ತೆ ನಿಜ, ಆದ್ರೆ ಮುಂದಿನ ಹಾಯಿಗೂ ಗಾಳಿ ಸಿಕ್ಕಿ ವೇಗ ಬರುತ್ತೆ, ಎಷ್ಟೋ ಸಲ ಹೊತ್ತು ಅಷ್ಟೇ ಹಿಡಿಯುತ್ತೆ.

ಇನ್ನು ಹೇಳದೆ ಕೇಳದೆ ಬರುತ್ತೆ ಅಂದ್ರಲ್ಲ, ಹಾಗೇನಿಲ್ಲ, ಹೇಳಿಯೇ ಬರುತ್ತೆ. ಮುಂದಿನ ಹಾಯಿ, ಅಂದ್ರೆ ಜಿಬ್, ನೋಡ್ತಾ ಇರಿ, ಅದು ಮೇನ್ ಹಾಯಿಯ ಮರೆಗೆ ಬಿದ್ದು ಜೋತುಬಿದ್ರೆ ಹುಷಾರ್, ತಾನಾಗೇ ಬೂಮ್ ಇಲ್ಲದ ಬದಿಗೆ ಹೋಗಿ ತುಂಬ್ಕೊಂಡ್ರೆ ನೀವು ಪೂರ್ತಿ ಬೆನ್ನುಗಾಳಿಗೆ ಬಂದಾಗಿದೆ ಅಂತ ಅರ್ಥ. ಮಾಸ್ಟ್ (ಹಾಯಿಕಂಬ) ತುದಿಯ ಗಾಳಿಬಾಣದ ಮೂತಿ ಬೂಮ್ ಇರೋ ಕಡೆಗೆ ವಾಲಿದ್ರೆ ಇನ್ನೂ ಕೆಟ್ಟದ್ದು. ಮೇನ್ ಹಾಯಿಯ ಹಿಂಬದಿ ಅಂಚು ಪಟಪಟ ಅನ್ನೋಕೆ ಶುರು ಆಯ್ತಾ, ಆಗ ಯೋಚನೆ ಮಾಡೋಕೆ ಟೈಮ್ ಇಲ್ಲ. ಕತ್ತಲಲ್ಲಿ ಇದ್ಯಾವುದೂ ಕಾಣದೇ ಇದ್ದಾಗ ಕತ್ತಿನ ಹಿಂದೆ ಗಾಳಿ ಯಾವ ಕಿವಿಗೆ ತಾಗ್ತಿದೆ ಅನ್ನೋದೇ ಗುರುತು.

ಆಗ ಏನ್ ಮಾಡ್ಬೇಕು ಅಂದ್ರೆ, ಟಿಲ್ಲರ್ ಅನ್ನ ಬೂಮ್ ಇರೋ ಕಡೆಗೆ ತಳ್ಳಿ. ದೋಣಿಯ ಮೂತಿ ಬೂಮ್‌ನಿಂದ ದೂರ, ಗಾಳಿಯ ಕಡೆಗೆ ತಿರುಗುತ್ತೆ, ಹಾಯಿ ಮತ್ತೆ ಸರಿಯಾಗಿ ತುಂಬ್ಕೊಳ್ಳುತ್ತೆ. ಇದೊಂದನ್ನ ಕೈಗೆ ಅಭ್ಯಾಸ ಮಾಡಿಸ್ಬಿಡಿ, ಯಾಕಂದ್ರೆ ಗಾಬರಿಯಲ್ಲಿ ಜನ ಉಲ್ಟಾ ತಳ್ತಾರೆ. ಚಕ್ರ ಇರೋ ದೋಣಿಯಾದ್ರೆ ಚಕ್ರಾನ ಬೂಮ್‌ನಿಂದ ಆಚೆಗೆ ತಿರುಗಿಸ್ಬೇಕು.

ಹಗ್ಗದಗಂಟು:
ಅಲೆಗಾರ ಹೇಳಿದ್ದಕ್ಕೆ ಒಪ್ತೀನಿ, ಆದ್ರೂ ದೂರದ ಪಯಣಕ್ಕೆ ಪ್ರಿವೆಂಟರ್ ಬೇಕೇ ಬೇಕು, ಮನುಷ್ಯ ಎಷ್ಟೊತ್ತು ಅಂತ ಕಣ್ಣು ಮಿಟುಕಿಸದೆ ನೋಡ್ತಾನೆ. ಕಟ್ಟೋದು ಎಲ್ಲಿ ಅಂತ ಕೇಳಿದ್ರಿ. ಬೂಮ್‌ನ ತುತ್ತತುದಿಗೆ. ಅಲ್ಲಿಂದ ಹಗ್ಗ ಮುಂದೆ ದೋಣಿಯ ಮೂತಿ ಹತ್ರ ರಾಟೆಯಂಥ ಒಂದು ಬ್ಲಾಕ್‌ಗೆ ಹೋಗಿ, ಡೆಕ್ ಮೇಲೆ ವಾಪಸ್ ಚುಕ್ಕಾಣಿ ಹಿಡಿದು ಕೂರೋ ಕಾಕ್‌ಪಿಟ್‌ಗೆ ಬರ್ಬೇಕು, ಅಲ್ಲಿ ಹಗ್ಗ ಎಳೆಯೋ ಉರುಳೆಯಾದ ವಿಂಚ್‌ಗೆ ಸುತ್ತಿ ಕ್ಲೀಟ್ ಮಾಡೋದು, ಅಂದ್ರೆ ಬಿಗಿದು ಕಟ್ಟೋದು. ತುಂಬಾ ದೋಣಿಗಳಲ್ಲಿ ಬೂಮ್ ನಡುವಿಂದ ಕೆಳಗೆ ದೋಣಿಯ ಅಂಚಿಗೆ ಒಂದು ತುಂಡು ಹಗ್ಗ ಕಟ್ಟಿ ಪ್ರಿವೆಂಟರ್ ಅಂತ ಹೆಸರಿಟ್ಟಿರ್ತಾರೆ, ಅದನ್ನ ನಂಬಬೇಡಿ. ನಡುವಿನಲ್ಲಿ ಹಿಡಿದ್ರೆ ತುದಿಯಲ್ಲಿ ಬೇಕಾಗೋ ಬಲದ ಎರಡರಷ್ಟು ಬೇಕು, ಸಾಲದ್ದಕ್ಕೆ ಆ ಹಗ್ಗ ಬೂಮ್‌ನ ಕೆಳಕ್ಕೆ ಎಳೆಯುತ್ತೆ ಹೊರತು ಮುಂದಕ್ಕೆ ಎಳೆಯಲ್ಲ. ದೋಣಿ ವಾಲಿ ಬೂಮ್ ತುದಿ ನೀರಿಗೆ ತಾಗಿದ್ರೆ ಬೂಮ್ ನಡುವಲ್ಲೇ ಲಟಕ್. ಹಗ್ಗ ಹಿಗ್ಗದಂಥ ಪಾಲಿಯೆಸ್ಟರ್ ಇರ್ಲಿ, ಕೆಲವರು ಜರ್ಕ್ ತಡೆಯುತ್ತೆ ಅಂತ ನೈಲಾನ್ ಹಾಕ್ತಾರೆ, ನಂಗಂತೂ ಇಷ್ಟ ಇಲ್ಲ, ಬೂಮ್‌ಗೆ ಓಡೋಕೆ ಜಾಗ ಸಿಕ್ರೆ ಅದು ವೇಗ ತಗೊಳ್ಳುತ್ತೆ.

ವ್ಯಾಂಗ್, ಅಂದ್ರೆ ಬೂಮ್ ಮೇಲೇಳದಂತೆ ಕೆಳಗೆ ಹಿಡಿಯೋ ಹಗ್ಗ, ಬಿಗಿ ಮಾಡೋದು ಮರೀಬೇಡಿ. ಸಡಿಲ ಇದ್ರೆ ಬೂಮ್ ಮೇಲಕ್ಕೆದ್ದು ಹಾಯಿಯ ಮೇಲರ್ಧ ತಿರುಚ್ಕೊಳ್ಳುತ್ತೆ, ಬೂಮ್ ಈಚೆ ಬಂದು ಹಾಯಿಯ ತಲೆ ಆಚೆನೇ ಉಳಿಯೋದೂ ಉಂಟು, ಆಗ ಹಾಯಿ ಹರಿಯದೇ ಇದ್ರೆ ಪುಣ್ಯ.

ತಲೆತಗ್ಗಿಸು:
ಪ್ರಿವೆಂಟರ್ ಕಟ್ಟಿದೀವಿ ಅಂತ ಜನ ಬೂಮ್ ಕೆಳಗೇ ಆರಾಮಾಗಿ ಕೂತಿರೋದು ನೋಡಿದ್ರೆ ನಂಗೆ ಸಿಟ್ಟು ಬರುತ್ತೆ. ಹಗ್ಗ ಹರಿಯುತ್ತೆ, ಬ್ಲಾಕ್ ಕಿತ್ತು ಬರುತ್ತೆ. ಇನ್ನೊಂದು, ಎಲ್ಲರೂ ಬೂಮ್ ತಲೆಗೆ ಹೊಡೆಯುತ್ತೆ ಅಂತ ಮಾತ್ರ ಯೋಚಿಸ್ತಾರೆ, ಮೇನ್‌ಶೀಟ್ ಹಗ್ಗ (ಬೂಮ್ ಒಳಗೆ ಎಳೆಯೋದು, ಹೊರಗೆ ಬಿಡೋದು ಇದರಿಂದಲೇ) ಅಷ್ಟೇ ಅಪಾಯ. 2015ರ ಸೆಪ್ಟೆಂಬರ್‌ನಲ್ಲಿ ಕ್ಲಿಪ್ಪರ್ ರೌಂಡ್ ದ ವರ್ಲ್ಡ್ ರೇಸ್‌ನ ಒಂದು ದೋಣಿಯಲ್ಲಿ, ಪೋರ್ಚುಗಲ್‌ನ ಪಶ್ಚಿಮಕ್ಕೆ, ಹೀಗೇ ಅನಿರೀಕ್ಷಿತ ಜೈಬ್ ಆಗಿ ಮೇನ್‌ಶೀಟ್ ಬಡಿದು ಒಬ್ಬ ಸಿಬ್ಬಂದಿ ತೀರ್ಕೊಂಡ. ತರಬೇತಿ ಪಡೆದವರ ದೋಣಿ ಅದು. ಹಾಗಾಗಿ ಮೇನ್‌ಶೀಟ್ ಮತ್ತೆ ಟ್ರಾವೆಲರ್ (ಆ ಹಗ್ಗದ ಬುಡ ಅಡ್ಡಡ್ಡ ಜಾರೋ ಹಳಿ) ಬೀಸೋ ಜಾಗದಲ್ಲಿ ಬೆನ್ನುಗಾಳಿಯಲ್ಲಿ ಯಾರೂ ನಿಲ್ಲಬಾರದು, ಮುಂದೆ ಹೋಗ್ಬೇಕಾದ್ರೆ ಬೂಮ್ ಇಲ್ಲದ ಕಡೆಯಿಂದ ಬಗ್ಗಿಕೊಂಡು ಹೋಗಿ, ಟ್ರಾವೆಲರ್ ಅನ್ನ ನಡುವಿನಲ್ಲಿ ಲಾಕ್ ಮಾಡಿಡಿ.

ಪ್ರಿವೆಂಟರ್ ಹಿಡ್ಕೊಂಡ್ರೂ ಕತೆ ಮುಗಿಯಲ್ಲ. ಹಾಯಿ ಹಿಂದುಮುಂದಾಗಿ ತುಂಬ್ಕೊಂಡು ದೋಣಿ ಒಂದು ಬದಿಗೆ ಒತ್ತಿಹಿಡಿದ ಹಾಗೆ ವಾಲಿರುತ್ತೆ. ಆಗ ಹಗ್ಗ ಪಟ್ ಅಂತ ಬಿಟ್ರೋ, ಅದೇ ಬೂಮ್ ಇನ್ನೂ ಜೋರಾಗಿ ಬರುತ್ತೆ. ಮೊದಲು ಚುಕ್ಕಾಣಿಯಿಂದ ದೋಣಿ ವಾಪಸ್ ತರೋಕೆ ನೋಡಿ, ಆಗ್ಲಿಲ್ಲ ಅಂದ್ರೆ ಮೇನ್‌ಶೀಟ್ ಎಳೀತಾ ಪ್ರಿವೆಂಟರ್ ಅನ್ನ ವಿಂಚ್ ಮೇಲಿಂದ ಸ್ವಲ್ಪ ಸ್ವಲ್ಪ ಬಿಡಿ. ಕಾಕ್‌ಪಿಟ್‌ಗೆ ತರ್ಬೇಕು ಅಂದಿದ್ದು ಇದಕ್ಕೇ.

ಹೊಸಹಾಯಿ:
ಎಲ್ಲರಿಗೂ ಥ್ಯಾಂಕ್ಸ್, ಟಿಲ್ಲರ್ ಬೂಮ್ ಕಡೆಗೆ ಅನ್ನೋದು ಚೀಟಿ ಬರೆದು ಅಂಟಿಸ್ತೀನಿ. ಇನ್ನೊಂದು ಡೌಟ್, ಗಾಳಿ ಜೋರಾಗಿದ್ದು ಬೇಕಂತಲೇ ಜೈಬ್ ಮಾಡ್ಲೇಬೇಕು ಅಂತ ಬಂದ್ರೆ? ಬೂಮ್ ಬ್ರೇಕ್ ಹಾಕಿಸ್ಲಾ?

ಅಲೆಗಾರ:
ಬೂಮ್ ಬ್ರೇಕ್ ಅಂದ್ರೆ ಹಗ್ಗ ಸುತ್ತಿರೋ ಡ್ರಮ್‌ನ ಘರ್ಷಣೆಯಿಂದ ಬೂಮ್ ನಿಧಾನಕ್ಕೆ ಸರಿಯೋ ಹಾಗೆ ಮಾಡೋದು, ಜನ ಕಡಿಮೆ ಇರೋ ದೋಣಿಗೆ ಒಳ್ಳೇದೇ, ಆದ್ರೆ ಅದು ಬೂಮ್‌ನ ನಿಧಾನ ಮಾಡುತ್ತೆ, ನಿಲ್ಲಿಸಲ್ಲ. ಹೊಸದರಲ್ಲಿ ಅದಿಲ್ಲದೆ ಕಲೀರಿ. ಎಲ್ಲರಿಗೂ ಕೂಗಿ ಹೇಳಿ, ಪ್ರಿವೆಂಟರ್ ಬಿಚ್ಚಿ, ಮೇನ್‌ಶೀಟ್ ಎಳೆದು ಬೂಮ್ ದೋಣಿಯ ನಡುಗೆರೆಗೆ ತಂದ್ಕೊಂಡು ಆಮೇಲೆ ಮೆಲ್ಲಗೆ ತಿರುಗಿಸಿ, ಬೂಮ್ ಆಚೆ ಹೋದ ತಕ್ಷಣ ಶೀಟ್ ಸರಸರ ಬಿಟ್ಬಿಡಿ. ಇಲ್ಲಿ ತಡ ಮಾಡಿದ್ರೆ ದೋಣಿ ಗಾಳಿ ಕಡೆಗೆ ತಿರುಗಿ ಅಡ್ಡ ಬೀಳೋಕೆ ನೋಡುತ್ತೆ, ಟಿಲ್ಲರ್‌ನಲ್ಲಿ ಅದನ್ನ ತಡೀಬೇಕು. ಅಲೆ ಮೇಲೆ ಜಾರಿ ವೇಗವಾಗಿ ಓಡ್ತಿರೋ ಕ್ಷಣ ಒಳ್ಳೇದು, ಆಗ ಹಾಯಿ ಮೇಲೆ ಒತ್ತಡ ಕಡಿಮೆ. 15 ನಾಟ್ ಗಾಳಿಯಲ್ಲಿ ನೀವು 6 ನಾಟ್ ಓಡ್ತಿದ್ರೆ ನಿಮಗೆ ತಾಗೋದು 9 ಮಾತ್ರ. ಇದೇ ಲೆಕ್ಕ ಮೋಸಾನೂ ಮಾಡುತ್ತೆ, ತಣ್ಣಗಿದೆ ಅಂತ ರೀಫ್ ಮಾಡದೇ, ಅಂದ್ರೆ ಹಾಯಿ ಚಿಕ್ಕದು ಮಾಡದೇ, ಇರ್ತೀರಿ, ಗಾಳಿಯ ಕಡೆಗೆ ತಿರುಗಿದಾಗ ನಿಜವಾದ ಗಾಳಿ ಗೊತ್ತಾಗುತ್ತೆ. ಗಾಳಿ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟು, ನೆನಪಿರ್ಲಿ.

ಹಗ್ಗದಗಂಟು:
ತೀರಾ ಜೋರಿದ್ರೆ ಜೈಬ್ ಮಾಡೋದೇ ಬೇಡ. ಗಾಳಿ ಕಡೆಗೆ ಸುತ್ತಿ ಬಂದು ಟ್ಯಾಕ್ ಮಾಡಿ ಮತ್ತೆ ಇಳಿಯಿರಿ, ಇದಕ್ಕೆ ಚಿಕನ್ ಜೈಬ್ ಅಂತ ನಗ್ತಾರೆ, ನಗಲಿ. ಇಲ್ಲಾಂದ್ರೆ ಮೇನ್ ಪೂರ್ತಿ ಇಳಿಸಿ ಮುಂದಿನ ಹಾಯಿ ಒಂದರಲ್ಲೇ ಹೋಗಿ, ಜಿಬ್‌ಗೆ ಬೂಮ್ ಇಲ್ಲ, ಅದು ಆಚೆ ಬಡಿದ್ರೆ ಸದ್ದು ಮಾತ್ರ.