ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದು ಕ್ಯೂಬಾ ಅಧ್ಯಯನ ಪ್ರವಾಸಕ್ಕೆ ಹೋಗಬಹುದೇ?

ಪ್ರಶ್ನೆ: ಅಮೆರಿಕದ ವಿಶ್ವವಿದ್ಯಾಲಯದ ಕೋರ್ಸಿನ ಭಾಗವಾಗಿ ಹವಾನಾಕ್ಕೆ ಹತ್ತು ದಿನದ ಪ್ರವಾಸವಿದೆ. ಪಾಸ್‌ಪೋರ್ಟ್ ಭಾರತದ್ದು. ಕ್ಯೂಬಾ ಮೇಲಿನ ಅಮೆರಿಕದ ದಿಗ್ಬಂಧನ ನನಗೂ ಅನ್ವಯಿಸುತ್ತದೆಯೇ? ಪ್ರತ್ಯೇಕ ಲೈಸೆನ್ಸ್ ಬೇಕೇ?

ಉತ್ತರ: ಅನ್ವಯಿಸುತ್ತದೆ. ಅಮೆರಿಕದಲ್ಲಿರುವ ಯಾರೇ ಆಗಲಿ, ಪೌರತ್ವ ಯಾವುದಾದರೂ ಸರಿ, ಒಎಫ್‌ಎಸಿ (ಆರ್ಥಿಕ ನಿರ್ಬಂಧಗಳನ್ನು ಜಾರಿ ಮಾಡುವ ಅಮೆರಿಕದ ಖಜಾನೆ ಇಲಾಖೆಯ ಕಚೇರಿ) ನಿಯಮ ಪಾಲಿಸಲೇಬೇಕು. ಆದರೆ ಅರ್ಜಿ ಹಾಕಬೇಕಿಲ್ಲ. 31 ಸಿಎಫ್ಆರ್ 515.565ರ (ಅಮೆರಿಕದ ಒಕ್ಕೂಟ ನಿಯಮಾವಳಿಯ ಒಂದು ವಿಧಿ) ಸಾಮಾನ್ಯ ಲೈಸೆನ್ಸ್ ಸಾಕು. ಪ್ರವಾಸ ಕ್ರೆಡಿಟ್ ಕೊಡುವ ಕೋರ್ಸಿನ ಭಾಗವಾಗಿರಬೇಕು. ವಿಭಾಗದಿಂದ ಒಂದು ಪತ್ರ ತೆಗೆದಿಟ್ಟುಕೊಳ್ಳಿ. ವೇಳಾಪಟ್ಟಿ, ರಸೀದಿ 10 ವರ್ಷ ಜೋಪಾನ. 2025ರ ಮಾರ್ಚ್‌ಗೆ ಮೊದಲು ಇದು 5 ವರ್ಷ ಇತ್ತು.

ಇನ್ನೊಂದು ಉತ್ತರ: ಜನ ಎಡವುವುದು ಕೋಣೆ ಬುಕ್ ಮಾಡುವಾಗ. ಅಮೆರಿಕದ ವಿದೇಶಾಂಗ ಇಲಾಖೆಯ ನಿಷೇಧಿತ ವಸತಿ ಪಟ್ಟಿಯಲ್ಲಿ ಹೋಟೆಲ್ ಹೆಸರಿದ್ದರೆ ಅಲ್ಲಿ ತಂಗುವಂತಿಲ್ಲ. ಖಾಸಗಿ ಮನೆಯ ಬಾಡಿಗೆ ಕೋಣೆ, ಅಂದರೆ ಕಾಸಾ ಪರ್ಟಿಕ್ಯುಲರ್, ಹುಡುಕಿ. ಅದನ್ನೂ ಪಟ್ಟಿಗೆ ತಾಳೆ ನೋಡಿ. ಅಮೆರಿಕದ ಕಾರ್ಡನ್ನು ನಂಬಬೇಡಿ, ಪೂರ್ತಿ ಖರ್ಚಿಗೆ ನಗದು ಒಯ್ಯಿರಿ. ವಾಪಸ್ ಬರುವಾಗ ರಮ್, ಸಿಗಾರ್ ತರುವಂತಿಲ್ಲ.

ಮತ್ತೊಂದು: ವೀಸಾ ಸ್ಟಾಂಪ್ ಅವಧಿ ಮುಗಿದಿದ್ದರೆ ಹೋಗಲೇಬೇಡಿ. ಕೆನಡಾ, ಮೆಕ್ಸಿಕೊ, ಅಕ್ಕಪಕ್ಕದ ದ್ವೀಪಗಳಿಗೆ ಸಿಗುವ ಸ್ವಯಂ ಮರುಮಾನ್ಯತೆ (ಅವಧಿ ಮುಗಿದ ವೀಸಾದಲ್ಲೇ ಅಮೆರಿಕಕ್ಕೆ ಮರಳುವ ಅವಕಾಶ) ಕ್ಯೂಬಾಕ್ಕಿಲ್ಲ. ಐ-20ರಲ್ಲಿ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಅರ್ಹತಾ ಪತ್ರ) ಪ್ರಯಾಣದ ಸಹಿ 12 ತಿಂಗಳೊಳಗಿನದೇ ಎಂದೂ ನೋಡಿಕೊಳ್ಳಿ.