ಸಂಕೋಚ ಕಳೆಯುವ ಬಿಲ್ಲೆ: ನಾಲ್ಕನೇ ಅಧ್ಯಾಯಕ್ಕೇ ನಗು ಯಾಕೆ ಬತ್ತುತ್ತದೆ?

ಕರಡುಪ್ರತಿ:
ಹಾಸ್ಯದ ವೈಜ್ಞಾನಿಕ ಕಾದಂಬರಿಯೊಂದರ ಕರಡು ಕೈಯಲ್ಲಿದೆ, ಅಂದಾಜು 60,000 ಪದ. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಒಂದು ಬಿಲ್ಲೆ. ಅಂಟಿಸಿಕೊಂಡವರಿಗೆ ಸಂಕೋಚವೇ ಇರುವುದಿಲ್ಲ, ಮನಸ್ಸಿನಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತದೆ. ಮೂರು ಅಧ್ಯಾಯ ಚೆನ್ನಾಗಿ ಓಡುತ್ತದೆ. ನಾಲ್ಕನೆಯದರ ಹೊತ್ತಿಗೆ ಊರಿಗೆ ಊರೇ ಬಿಲ್ಲೆ ಹಾಕಿಕೊಂಡು ಮುಖಕ್ಕೆ ಹೊಡೆದಂತೆ ಮಾತಾಡತೊಡಗುತ್ತದೆ. ಅಲ್ಲಿಂದ ಬರೀ ಜಗಳ. ನಗು ಎಲ್ಲಿ ಸೋರಿತು? ಬಿಲ್ಲೆ ಕೆಲಸ ಮಾಡುವ ಬಗೆಯನ್ನು ಎಷ್ಟರ ಮಟ್ಟಿಗೆ ವಿವರಿಸಬೇಕು?

ಪಡಸಾಲೆ:
ಸೋರಿದ್ದು "ಊರಿಗೆ ಊರೇ" ಎಂಬಲ್ಲಿ. ನಾಚಿಕೆ ಬಿಟ್ಟವನ ಮಾತು ನಗು ತರಿಸುವುದು ಎದುರಿಗಿರುವವರು ನಾಚಿದಾಗ. ಆರು ಜನರ ದೃಶ್ಯದಲ್ಲಿ ಒಂದು ಬಿಲ್ಲೆ ಸಾಕು. ಎರಡು ಇರಲೇಬೇಕೆಂದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಬಾರದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸಂಕೋಚವನ್ನು ಒಂದೇ ಗುಂಡಿ ಒತ್ತಿದರೆ ಆರುವ ದೀಪದಂತೆ ಬರೆದಿದ್ದೀರಿ. ನಾಚಿಕೆ, ದಾಕ್ಷಿಣ್ಯ, ಅಳುಕು, ಬಿಗುಮಾನ ಬೇರೆ ಬೇರೆ. ಒಂದು ಪಾತ್ರಕ್ಕೆ ಒಂದನ್ನು ಮಾತ್ರ ಕಳೆಯಿರಿ. ದಾಕ್ಷಿಣ್ಯ ಹೋಗಿ ನಾಚಿಕೆ ಉಳಿದವನು "ಸಾಲ ಕೊಡಲ್ಲ" ಎಂದು ಖಡಾಖಂಡಿತ ಹೇಳಿ, ಮರುಕ್ಷಣ ಕೆಂಪಾಗಿ ಬಾಗಿಲ ಮರೆಗೆ ನಿಲ್ಲುತ್ತಾನೆ. ಬಿಗುಮಾನ ಮಾತ್ರ ಹೋದ ಮೇಲಧಿಕಾರಿ ಸಭೆಯ ನಡುವೆ "ಇದು ನನಗೆ ಅರ್ಥವೇ ಆಗಿಲ್ಲ" ಎನ್ನುತ್ತಾನೆ.

ಮುಚ್ಚಿಟ್ಟದ್ದೆಲ್ಲ ಬೈಗುಳವೇ ಎಂದುಕೊಂಡಿದ್ದರಿಂದ ಜಗಳ ಬಂತು. ಮೆಚ್ಚುಗೆ, ಕ್ಷಮೆ, ಅಕ್ಕರೆ ಕೂಡ ಗಂಟಲಲ್ಲೇ ನಿಲ್ಲುತ್ತವೆ. ಅಂತರ್ಜಾಲದಲ್ಲಿ ಜನ ಸಂಕೋಚ ಬಿಡುವ ಬಗ್ಗೆ 2004ರಲ್ಲಿ ಬರೆದ ಮನಶ್ಶಾಸ್ತ್ರಜ್ಞ ಜಾನ್ ಸುಲರ್ ಅದರಲ್ಲಿ ಎರಡು ಬಗೆ ಕಂಡರು: ವಿಷ ಕಕ್ಕುವುದು ಒಂದು, ಮನಸ್ಸು ಬಿಚ್ಚಿ ಒಳ್ಳೆಯದಾಗುವುದು ಇನ್ನೊಂದು. ನಾಲ್ಕನೇ ಅಧ್ಯಾಯದಲ್ಲಿ ಎರಡನೆಯದು ಒಂದು ಸಾಲಿನಷ್ಟೂ ಇಲ್ಲ. ಇಪ್ಪತ್ತು ವರ್ಷದ ಹಗೆಯವರ ನಡುವೆ ಒಬ್ಬನ ಬಾಯಿಂದ ತಡೆಯಿಲ್ಲದೆ ಹೊಗಳಿಕೆ ಹರಿಯಲಿ. ಇನ್ನೊಬ್ಬ ಎಲ್ಲಿ ನೋಡಬೇಕೆಂದು ತಿಳಿಯದೆ ಒದ್ದಾಡಲಿ.

ತಂತಿಸುರುಳಿ:
ಎರಡನೇ ಪ್ರಶ್ನೆಗೆ. "ಮನಸ್ಸನ್ನು ಓದುತ್ತದೆ" ಎಂದು ಬರೆಯಬೇಡಿ. ಅದು ಮಂತ್ರವಾಗುತ್ತದೆ, ಮಂತ್ರಕ್ಕೆ ಮಿತಿಯಿಲ್ಲ, ಮಿತಿಯಿಲ್ಲದ ಯಂತ್ರ ಕೆಡುವುದೂ ಇಲ್ಲ. ತಲೆಗೆ 1–2 ಮಿಲಿಆಂಪಿಯರ್ ಹಾಯಿಸುವ ವಿದ್ಯುತ್ ಪ್ರಚೋದನೆಯನ್ನೂ ನೆಚ್ಚಿಕೊಳ್ಳಬೇಡಿ. ಅದರ ಪರಿಣಾಮ ಆಳಿನಿಂದಾಳಿಗೆ ಬದಲಾಗುತ್ತದೆ.

ಬಿಲ್ಲೆಯನ್ನು ಕಿವಿಯ ಹಿಂದಿನಿಂದ ದವಡೆಗೆ ಇಳಿಸಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದ ಆಲ್ಟರ್‌ಈಗೋ ಎಂಬ ಮುಖಕ್ಕೆ ಧರಿಸುವ ಸಾಧನ ಹೀಗೇ ಕೆಲಸ ಮಾಡುತ್ತದೆ: ಬಾಯಿ ತೆರೆಯದೆ ಒಳಗೊಳಗೇ ಪದ ಹೇಳಿಕೊಂಡಾಗ ಮುಖ, ದವಡೆಯ ಸ್ನಾಯುಗಳಲ್ಲಿ ಏಳುವ ಸಣ್ಣ ವಿದ್ಯುತ್ ಸಂಕೇತವನ್ನು ಎಲೆಕ್ಟ್ರೋಡುಗಳು ಹಿಡಿಯುತ್ತವೆ. ಅದಕ್ಕೆ ಆಲೋಚನೆ ಸಿಗುವುದಿಲ್ಲ, ಬೇಕೆಂದೇ ಒಳಗೆ ಆಡಿಕೊಂಡ ಮಾತಷ್ಟೇ ಸಿಗುತ್ತದೆ. ಕಥೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ: ನಿಮ್ಮ ಬಿಲ್ಲೆ ನುಂಗಿಕೊಂಡ ಮಾತನ್ನು ಧರಿಸಿದವರ ದನಿಯಲ್ಲೇ ಹೊರಗೆ ಹಾಕಲಿ.

ಕೆಡುವ ಬಗೆ ಆಗ ತಾನಾಗಿಯೇ ಸಿಗುತ್ತದೆ. ಸಂಭಾಷಣೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸುಮಾರು 200 ಮಿಲಿಸೆಕೆಂಡು. ಒಂದು ಪದವನ್ನು ನಾಲಿಗೆಗೆ ತರಲು ಸುಮಾರು 600 ಬೇಕು. ಅಂದರೆ ಎದುರಿನವರು ಮಾತಾಡುತ್ತಿರುವಾಗಲೇ ಉತ್ತರ ಒಳಗೆ ತಯಾರಾಗುತ್ತಿರುತ್ತದೆ. ಬಿಲ್ಲೆ ಅದನ್ನು ಹಿಡಿದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಇನ್ನೊಂದು ಬಗೆ, ಬಿಲ್ಲೆ ತಡಮಾಡುವುದು: ತನ್ನ ದನಿಯೇ 200 ಮಿಲಿಸೆಕೆಂಡು ತಡವಾಗಿ ಕಿವಿಗೆ ಬಿದ್ದರೆ ನಿರರ್ಗಳವಾಗಿ ಮಾತಾಡುವವರೂ ತೊದಲುತ್ತಾರೆ. ಭಾಷಣದ ದೃಶ್ಯಕ್ಕೆ ಈ ದೋಷ ಇಟ್ಟುಕೊಳ್ಳಿ.

ವಿವರಣೆಗೆ 150 ಪದ ಸಾಕು. ಮೊದಲ ಅಧ್ಯಾಯದಲ್ಲೇ, ಬಿಲ್ಲೆ ಅಂಟಿಸುವವನ ಬಾಯಲ್ಲಿ, ಮೂರು ನಿಯಮಗಳಾಗಿ. ನಾಲ್ಕನೇ ನಿಯಮ ಮುಂದೆಲ್ಲೂ ಹುಟ್ಟಕೂಡದು.

ಕರಡುಪ್ರತಿ:
ನುಂಗಿಕೊಂಡ ಮಾತು! ಇದು ಹೊಳೆದಿರಲಿಲ್ಲ. ಆದರೆ ಬಿಲ್ಲೆಯ ಮಾತು, ಪಾತ್ರದ ಮಾತು ಎರಡನ್ನೂ ಒಂದೇ ಸಾಲಿನಲ್ಲಿ ಓದುಗರಿಗೆ ಕಾಣಿಸುವುದು ಹೇಗೆ?

ವಿಭಕ್ತಿ:
ವ್ಯಾಕರಣದಿಂದ. ದಪ್ಪಕ್ಷರ, ಓರೆಯಕ್ಷರ ಯಾವುದೂ ಬೇಡ. ಕನ್ನಡದಲ್ಲಿ ಸಂಕೋಚ ಕೂರುವುದು ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ. "ನಾಳೆ ಬರಬಹುದೇನೋ, ನೋಡೋಣ" ಎಂಬುದರ ಬಾಲ ಕತ್ತರಿಸಿ: "ನಾಳೆ ಬರಲ್ಲ." "ಹಾಗಂತ ಹೇಳ್ತಾರಪ್ಪ" ಎಂಬಲ್ಲಿ ಹೇಳಿದವರು ಅಡಗಿದ್ದಾರೆ, ಬಿಲ್ಲೆ "ಹೇಳಿದ್ದು ನಾನೇ" ಎಂದುಬಿಡಲಿ.

ಸೋರಿಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮೊದಲು ಕ್ರಿಯಾಪದದ ಬಹುವಚನವಷ್ಟೇ ಜಾರಲಿ: "ನೀವು ಯಾವಾಗ ಬಂದೆ?" ಹೇಳಿದವನಿಗೇ ಗೊತ್ತಾಗುವುದಿಲ್ಲ, ಕೇಳಿದವರು ಮಾತ್ರ ಒಂದು ಗಳಿಗೆ ತಡೆಯುತ್ತಾರೆ. ಸರ್ವನಾಮ ಜಾರುವುದು ಎರಡು ಅಧ್ಯಾಯ ಬಿಟ್ಟು. ಒಮ್ಮೆಗೇ "ನೀನು" ತಂದರೆ ಅದು ಬೈಗುಳ, ಮತ್ತೆ ನಾಲ್ಕನೇ ಅಧ್ಯಾಯದ ಜಗಳ.

ಎಲ್ಲಕ್ಕಿಂತ ಬೆಲೆಬಾಳುವುದು ನಮ್ಮ "ಇಲ್ಲ". ಅದು ವಾಕ್ಯದ ಕೊನೆಗೆ ಬರುತ್ತದೆ. ತಂತಿಸುರುಳಿಯವರ ಲೆಕ್ಕದಂತೆ ಬಿಲ್ಲೆ ಆತುರಪಟ್ಟರೆ "ಈ ಸಂಬಂಧ ನನಗೆ ಒಪ್ಪಿಗೆ" ಎಂಬಷ್ಟು ಹೊರಬಿದ್ದು "ಇಲ್ಲ" ಒಳಗೇ ಉಳಿಯುತ್ತದೆ. ಅಷ್ಟರಲ್ಲಿ ಎದುರಿನವರು ಎದ್ದುನಿಂತು ಕೈ ಹಿಡಿದಿರುತ್ತಾರೆ. ನಿಮ್ಮ ನಾಲ್ಕನೇ ಅಧ್ಯಾಯವನ್ನು ಆ ಒಂದು ಪದದ ಮೇಲೆ ನಿಲ್ಲಿಸಿ. ಐದನೆಯದು ಅದೇ ಕೋಣೆಯಲ್ಲಿ, ಅದೇ ಕೈ ಹಿಡಿದಿರುವಲ್ಲಿಂದಲೇ ಶುರುವಾಗಲಿ.