ಅಮೆರಿಕದ ಅಂತರ್ಯುದ್ಧ: ಚೇತರಿಸಿಕೊಳ್ಳುತ್ತಿದ್ದ ಸೈನಿಕನಿಗೆ ಏನೇನು ಚಿಂತೆ ಇತ್ತು?

ಮಾಲತಿ:
1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ಕಾಳಗದ ವರ್ಣನೆ ಬೇಕಾದಷ್ಟಿದೆ. ಕೈಕಾಲು ಕತ್ತರಿಸಿದ ಕಥೆಗಳೂ ಇವೆ. ಆದರೆ ಆಮೇಲೆ? ಗುಂಡೇಟು ತಿಂದು ಬದುಕಿಕೊಂಡವನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿರುತ್ತಾನೆ, ಹೊರಗೆ ಯುದ್ಧ ಇನ್ನೂ ನಡೆಯುತ್ತಲೇ ಇರುತ್ತದೆ. ನೋವು ಬಿಟ್ಟರೆ ಅವನನ್ನು ಕಾಡುತ್ತಿದ್ದದ್ದು ಏನು?

ರಘುನಂದನ್:
ಮೊದಲನೆಯದು ದುಡ್ಡು. ಉತ್ತರದ, ಅಂದರೆ ಒಕ್ಕೂಟ ಸರ್ಕಾರದ, ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ, 1864ರಲ್ಲಿ 16 ಆಯಿತು. ಎರಡು ತಿಂಗಳಿಗೊಮ್ಮೆ ಕೊಡಬೇಕು ಅಂತ ನಿಯಮವಿದ್ದರೂ ಬಾಕಿ ಉಳಿಯುವುದು ಮಾಮೂಲಿ. ಆಸ್ಪತ್ರೆ ಸೇರಿದವನ ಪಾಡು ಇನ್ನೂ ಕಷ್ಟ. ಅವನ ಗುರುತೇನು, ಎಲ್ಲಿಯವರೆಗೆ ಸಂಬಳ ಸಂದಿದೆ ಅನ್ನುವ ವಿವರ ಪಟ್ಟಿ ಅವನ ತುಕಡಿಯಿಂದಲೇ ಬರಬೇಕಿತ್ತು. ತುಕಡಿಯೋ ಎಲ್ಲೋ ವರ್ಜೀನಿಯಾದಲ್ಲಿ ಕಾದಾಡುತ್ತಿದೆ, ಪಟ್ಟಿ ಕಳಿಸಬೇಕಾದ ಕ್ಯಾಪ್ಟನ್ ಸತ್ತೇ ಹೋಗಿರಬಹುದು, ಆ ಕಾಗದ ಬರದೆ ಕೈಗೆ ಕಾಸಿಲ್ಲ, ಊರಲ್ಲಿ ಹೆಂಡತಿ ಮಕ್ಕಳು ಅದನ್ನೇ ನಂಬಿ ಕೂತಿದ್ದಾರೆ. ಕಪ್ಪು ಸೈನಿಕರಿಗಂತೂ ಘೋರ ಅನ್ಯಾಯ. 10 ಡಾಲರ್ ಕೊಟ್ಟು, ಅದರಲ್ಲಿ 3 ಬಟ್ಟೆಗೆ ಅಂತ ಮುರಿದುಕೊಳ್ಳುತ್ತಿದ್ದರು. ಸಮಾನ ಸಂಬಳದ ಕಾನೂನು ಬಂದದ್ದು 1864ರ ಜೂನ್‌ನಲ್ಲಿ.

ಸುಮಾ ಎಸ್:
ರಘು ಸರ್ ಹೇಳಿದ್ದರ ಜೊತೆಗೆ ಕಾಯಿಲೆಯ ಭಯವನ್ನೂ ಸೇರಿಸಿ. ಈ ಯುದ್ಧದಲ್ಲಿ ಗುಂಡಿಗಿಂತ ಕಾಯಿಲೆಗೆ ಸತ್ತವರೇ ಜಾಸ್ತಿ. ಭೇದಿ, ಟೈಫಾಯ್ಡ್, ನ್ಯುಮೋನಿಯಾ. ರೋಗಾಣುಗಳ ವಿಚಾರ ವೈದ್ಯರಿಗೇ ಗೊತ್ತಿರಲಿಲ್ಲ, ಒಂದೇ ಸ್ಪಂಜಿನಲ್ಲಿ ಹಲವರ ಗಾಯ ಒರೆಸುತ್ತಿದ್ದರು. ಮಾಯುತ್ತಿದ್ದ ಗಾಯ ಇದ್ದಕ್ಕಿದ್ದಂತೆ ಕೊಳೆಯತೊಡಗಿದರೆ ಎಲ್ಲ ಮುಗಿದಂತೆ. ಅದನ್ನು ಪಕ್ಕದ ಮಂಚದವನಲ್ಲಿ ನೋಡಿದವನಿಗೆ ನಿದ್ದೆ ಬರುತ್ತದೆಯೇ?

ಪ್ರಕಾಶ್:
ಗುಣವಾದ ಮೇಲೆ ಎಲ್ಲಿಗೆ, ಅದೇ ದೊಡ್ಡ ಪ್ರಶ್ನೆ ಅಂತ ನನಗನಿಸುತ್ತದೆ. ಸ್ವಲ್ಪ ಓಡಾಡುವಂತಾದರೆ ಆಸ್ಪತ್ರೆಯಲ್ಲೇ ಅಡುಗೆ, ಕಾವಲು, ಬೇರೆ ರೋಗಿಗಳ ಆರೈಕೆಗೆ ಹಚ್ಚುತ್ತಿದ್ದರು. ಪೂರ್ತಿ ಗುಣವಾದರೆ ಮತ್ತೆ ರಣರಂಗ. ಅರ್ಧಂಬರ್ಧ ಗುಣವಾದವರಿಗಾಗಿ 1863ರಲ್ಲಿ ‘ಇನ್‌ವ್ಯಾಲಿಡ್ ಕಾರ್ಪ್ಸ್’ (ಅಶಕ್ತರ ದಳ), ಚಿಕ್ಕದಾಗಿ ‘ಐ.ಸಿ.’, ಅಂತ ಪಡೆ ಕಟ್ಟಿದರು. ಕೆಟ್ಟುಹೋದ ಸರಕಿನ ಮೇಲೆ ಒತ್ತುವ ಮುದ್ರೆಯಲ್ಲೂ ಅದೇ ‘ಐ.ಸಿ.’ ಅಕ್ಷರಗಳು ಇದ್ದವು! ಉಳಿದ ಸೈನಿಕರು ಆಡಿಕೊಂಡರು. ಮರುವರ್ಷ ಹೆಸರು ಬದಲಾಯಿತು. ಅದೇ ವರ್ಷ ಜುಲೈನಲ್ಲಿ ದಕ್ಷಿಣದ ಸೈನ್ಯ ವಾಷಿಂಗ್ಟನ್ ಅಂಚಿಗೆ ಬಂದಾಗ ಫೋರ್ಟ್ ಸ್ಟೀವನ್ಸ್ ಕೋಟೆಯ ಬಳಿ ತಡೆದು ನಿಂತವರಲ್ಲಿ ಈ ಪಡೆಯವರೂ ಇದ್ದರು. ಮನೆಗೆ ಹೋದವನಿಗೆ, ದುಡಿಯಲು ಪೂರ್ತಿ ಆಗದಿದ್ದರೆ, 1862ರ ಕಾನೂನಿನಂತೆ ತಿಂಗಳಿಗೆ 8 ಡಾಲರ್ ಪಿಂಚಣಿ. ಒಂದು ಕೈ ಇಲ್ಲದ ರೈತ ಅದರಲ್ಲಿ ಸಂಸಾರ ಹೇಗೆ ನಡೆಸಬೇಕು ಹೇಳಿ.

ಮಾಲತಿ:
ಸಂಬಳದ ಪಟ್ಟಿಯ ವಿಷಯ ಗೊತ್ತೇ ಇರಲಿಲ್ಲ. ಒಕ್ಕೂಟದಿಂದ ಬೇರೆಯಾಗಿದ್ದ ದಕ್ಷಿಣದವರ ಕಥೆ?

ಸುಮಾ ಎಸ್:
ಅವರದು ಇನ್ನೂ ಕಷ್ಟ ಮಾಲತಿಯವರೇ. ಅವರ ರಾಜಧಾನಿ ರಿಚ್ಮಂಡ್‌ನ ಚಿಂಬೊರಾಜೊ ಆಸ್ಪತ್ರೆಯೊಂದರಲ್ಲೇ 75,000ಕ್ಕೂ ಹೆಚ್ಚು ಜನ ಚಿಕಿತ್ಸೆ ಪಡೆದರು. ಸಂಬಳ ತಿಂಗಳಿಗೆ 11 ಡಾಲರ್, ಆದರೆ ಅವರ ನೋಟಿಗೆ ದಿನೇ ದಿನೇ ಬೆಲೆ ಇಳಿಯುತ್ತಿತ್ತು. 1863ರ ಏಪ್ರಿಲ್‌ನಲ್ಲಿ ಅದೇ ಊರಿನಲ್ಲಿ ಹೆಂಗಸರು ರೊಟ್ಟಿಗಾಗಿ ಅಂಗಡಿಗಳಿಗೆ ನುಗ್ಗಿದರು. ಮಕ್ಕಳಿಗೆ ಊಟವಿಲ್ಲ, ಬೇಗ ಬಾ ಅಂತ ಮನೆಯಿಂದ ಪತ್ರ ಬಂದಾಗ ಸೈನ್ಯಕ್ಕೆ ಮರಳದೆ ನೇರ ಊರಿಗೆ ಹೊರಟವರು ತುಂಬಾ ಜನ. ಸಿಕ್ಕಿಬಿದ್ದರೆ ಮರಣದಂಡನೆಯೂ ಆಗಬಹುದು ಅಂತ ಗೊತ್ತಿದ್ದೇ ಹೊರಟವರು.